ನಲವತ್ತೊಂದು ವರ್ಷ ತಡವಾಗಿ ಹಾರಿದ ತರಬೇತಿ ವಿಮಾನ

ಬೆಂಗಳೂರು: 2025ರ ಅಕ್ಟೋಬರ್ 24ರಂದು ನಗರದ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಟಿಎಚ್ 4001 ಎಂಬ ಸಂಖ್ಯೆ ಹೊತ್ತ ಪುಟ್ಟ ವಿಮಾನವೊಂದು ಮೇಲೇರಿತು. ವಾಯುಪಡೆಯ ಹೊಸ ಪೈಲಟ್‌ಗಳಿಗೆ ಹಾರಾಟದ ಓನಾಮ ಕಲಿಸಲೆಂದು ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿರುವ ಎಚ್‌ಟಿಟಿ-40 ಟರ್ಬೊಪ್ರಾಪ್ ತರಬೇತಿ ವಿಮಾನದ ಸರಣಿ ಉತ್ಪಾದನೆಯಲ್ಲಿ ಇದು ಮೊದಲನೆಯದು. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 17ರಂದು, ಇದೇ ವಿಮಾನದ ಎರಡನೇ ಉತ್ಪಾದನಾ ಸಾಲನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ನಾಸಿಕ್‌ನಲ್ಲಿ ಉದ್ಘಾಟಿಸಿದ್ದರು. ಆದರೆ ಅಂದಿನ ಪತ್ರಿಕೆ, ವಾಹಿನಿಗಳ ಗಮನವೆಲ್ಲ ಅದೇ ಸಮಾರಂಭದಲ್ಲಿ ಹಾರಿದ ತೇಜಸ್ ಯುದ್ಧವಿಮಾನದ ಪಾಲಾಯಿತು. ತರಬೇತಿ ವಿಮಾನದ ಹಣೆಬರಹವೇ ಹಾಗೆ. ಅದು ಬಾಂಬು ಹಾಕುವುದಿಲ್ಲ, ಶಬ್ದದ ವೇಗವನ್ನು ಮೀರುವುದಿಲ್ಲ. ಅದು ಇಲ್ಲವಾದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಎಚ್‌ಟಿಟಿ-40ರ ಹಾರಾಟವನ್ನು ಸ್ವದೇಶಿ ಸಾಧನೆಯೆಂದು ಕೊಂಡಾಡಿದವರು ಹಳೆಯ ಸಂಗತಿಯೊಂದನ್ನು ನೆನೆಯಲಿಲ್ಲ. ಇದೇ ಬೆಂಗಳೂರಿನಲ್ಲಿ, ಇದೇ ಸಂಸ್ಥೆಯ ಟರ್ಬೊಪ್ರಾಪ್ ತರಬೇತಿ ವಿಮಾನವೊಂದು 1984ರ ಜೂನ್ ತಿಂಗಳಲ್ಲೇ ಹಾರಿತ್ತು. ಅದರ ಹೆಸರು ಎಚ್‌ಟಿಟಿ-34. ಅದನ್ನು ವಾಯುಪಡೆ ಕೊಳ್ಳಲಿಲ್ಲ, ಸರ್ಕಾರ ಒತ್ತಾಯಿಸಲಿಲ್ಲ, ಎಚ್‌ಎಎಲ್ ಪಟ್ಟು ಹಿಡಿಯಲಿಲ್ಲ. ಆ ಮೂವರ ಅನಾಸಕ್ತಿಗೆ ದೇಶ ತೆತ್ತ ಬೆಲೆ ಹಣದ ರೂಪದಲ್ಲಷ್ಟೇ ಇಲ್ಲ ಎಂಬುದೇ ಈ ಬರಹದ ವಿಷಯ.

ಪಂಖದ ಹಿಂದಿನ ಟರ್ಬೈನು

ಟರ್ಬೊಪ್ರಾಪ್ ವಿಮಾನದ ಮೂತಿಯಲ್ಲಿ ತಿರುಗುವುದು ಹಳೆಯ ಕಾಲದ ಪ್ರೊಪೆಲ್ಲರೇ. ಆದರೆ ಅದನ್ನು ತಿರುಗಿಸುವುದು ಮೋಟಾರು ಕಾರಿನಲ್ಲಿರುವಂತಹ ಪಿಸ್ಟನ್ ಎಂಜಿನ್ ಅಲ್ಲ, ಜೆಟ್ ವಿಮಾನದ ಬಂಧುವಾದ ಟರ್ಬೈನು. ಪಿಸ್ಟನ್ ಎಂಜಿನ್ನಿಗೆ ವಿಶೇಷ ಬಗೆಯ ಪೆಟ್ರೋಲ್ ಬೇಕು. ಟರ್ಬೊಪ್ರಾಪ್ ಮಾತ್ರ ಉಳಿದೆಲ್ಲ ಯುದ್ಧವಿಮಾನಗಳು ಕುಡಿಯುವ ಇಂಧನವನ್ನೇ ಕುಡಿಯುತ್ತದೆ. ತೂಕ ಕಡಿಮೆ, ಶಕ್ತಿ ಹೆಚ್ಚು, ನಡುವೆ ಕೈಕೊಡುವ ಸಂಭವವೂ ಕಡಿಮೆ. ಇತ್ತ ಜೆಟ್ ತರಬೇತಿ ವಿಮಾನಕ್ಕೆ ಹೋಲಿಸಿದರೆ ಇಂಧನದ ಖರ್ಚು ಬಹಳಷ್ಟು ಉಳಿಯುತ್ತದೆ.

1950 ಮತ್ತು 60ರ ದಶಕಗಳಲ್ಲಿ ಬ್ರಿಟನ್ ಮೊದಲಾದ ದೇಶಗಳು ಹೊಸಬರಿಗೂ ಜೆಟ್ ವಿಮಾನದಲ್ಲೇ ಕಲಿಸುವ ದುಬಾರಿ ಪ್ರಯೋಗ ನಡೆಸಿದ್ದವು. 1973ರ ತೈಲ ಬಿಕ್ಕಟ್ಟು ಆ ಹುಮ್ಮಸ್ಸನ್ನು ಇಳಿಸಿತು. ಬಳಿಕ ಟರ್ಬೊಪ್ರಾಪ್ ತರಬೇತಿ ವಿಮಾನಗಳ ಯುಗ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿ ತನ್ನ ಹಳೆಯ ಪಿಸ್ಟನ್ ವಿಮಾನದ ಒಡಲಿಗೆ ಟರ್ಬೈನು ಕೂರಿಸಿ, 1970ರ ದಶಕದ ಕೊನೆಯಲ್ಲಿ ಪಿಸಿ-7 ವಿಮಾನವನ್ನು ಮಾರುಕಟ್ಟೆಗೆ ಬಿಟ್ಟಿತು. ಬ್ರೆಜಿಲ್‌ನ ಎಂಬ್ರೇಯರ್ 1980ರ ಆಗಸ್ಟ್‌ನಲ್ಲಿ ಟುಕಾನೊ ಹಾರಿಸಿತು.

ಈ ಎರಡು ವಿಮಾನಗಳ ವಂಶವೃಕ್ಷ ನೋಡುವಂತಿದೆ. ಪಿಸಿ-7ರ ಬೆನ್ನಿಗೆ 1984ರಲ್ಲಿ ಹೆಚ್ಚು ಶಕ್ತಿಯ ಪಿಸಿ-9 ಬಂದಿತು. ಅದರ ಒಡಲನ್ನೇ ಬಳಸಿ, ಚಿಕ್ಕ ಎಂಜಿನ್ ಕೂರಿಸಿ, ದಕ್ಷಿಣ ಆಫ್ರಿಕದ ಬೇಡಿಕೆಯಂತೆ ಪಿಸಿ-7 ಮಾರ್ಕ್ 2 ಸಿದ್ಧವಾಯಿತು. ಪಿಸಿ-9ರಿಂದಲೇ ಅಮೆರಿಕದ ಟಿ-6 ಟೆಕ್ಸನ್ 2 ಹುಟ್ಟಿತು. ಇಂದು ಅಮೆರಿಕದ ವಾಯುಪಡೆ, ನೌಕಾಪಡೆಗಳ ಪೈಲಟ್‌ಗಳು ಕಲಿಯುವುದು ಅದರಲ್ಲೇ. 2002ರಲ್ಲಿ ಹಾರಿದ ಪಿಸಿ-21 ಯುದ್ಧವಿಮಾನದ ಚಾಲಕ ಕೋಣೆಯನ್ನೇ ಅನುಕರಿಸಿತು. ಅತ್ತ ಟುಕಾನೊ ಬ್ರಿಟನ್ನಿನಲ್ಲಿ ಶಾರ್ಟ್ಸ್ ಟುಕಾನೊ ಎಂಬ ಹೆಸರಿನಲ್ಲಿ ಬೇರೆ ಎಂಜಿನ್‌ನೊಂದಿಗೆ ತಯಾರಾಗಿ 2019ರವರೆಗೆ ಸೇವೆಯಲ್ಲಿತ್ತು. ಅದರ ದೊಡ್ಡ ತಮ್ಮನಾದ ಸೂಪರ್ ಟುಕಾನೊ ಲಘು ದಾಳಿ ವಿಮಾನವಾಗಿ ಕೊಲಂಬಿಯದಿಂದ ಅಫ್ಘಾನಿಸ್ತಾನದವರೆಗೆ ಕಾದಾಡಿತು. ಅಂದರೆ, ಸಕಾಲದಲ್ಲಿ ಸ್ವಂತ ನೆಲದಲ್ಲಿ ಒಪ್ಪಿಗೆ ಪಡೆದ ಒಂದು ಸಾಧಾರಣ ತರಬೇತಿ ವಿಮಾನ ನಾಲ್ಕು ದಶಕಗಳ ಕಾಲ ಒಂದು ಉದ್ಯಮವನ್ನೇ ಸಾಕಿತು.

ಎಂಬ್ರೇಯರ್ ಸ್ಥಾಪನೆಯಾದದ್ದು 1969ರಲ್ಲಿ. ಎಚ್‌ಎಎಲ್‌ನ ಬೇರು ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಂದಿಗೆ 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಲ್ಲಿದೆ. ಡಾ. ವಿ.ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಇಲ್ಲಿ ಹಾರಿತ್ತು. ಭಾರತದ ಒಂದು ಪೀಳಿಗೆಯ ಪೈಲಟ್‌ಗಳು ಅದರಲ್ಲಿ ಕಲಿತರು. ಘಾನಾ ದೇಶಕ್ಕೂ ಅದನ್ನು ಕಳುಹಿಸಲಾಗಿತ್ತು. ಓಟದಲ್ಲಿ ಮೂರು ದಶಕ ಮುಂದಿದ್ದವರು ಹಿಂದೆ ಬಿದ್ದದ್ದು ಹೇಗೆ?

1984ರ ಎರಡು ವಿಮಾನಗಳು

ಎಚ್‌ಟಿ-2ರ ಉತ್ತರಾಧಿಕಾರಿಯಾಗಿ ಎಚ್‌ಎಎಲ್ ರೂಪಿಸಿದ್ದು ಎಚ್‌ಪಿಟಿ-32. ವಾಯುಪಡೆಯಲ್ಲಿ ಅದಕ್ಕೆ ದೀಪಕ್ ಎಂದು ಹೆಸರು. ಮೊದಲ ಹಾರಾಟ 1977ರ ಜನವರಿಯಲ್ಲಿ, ಸೇವೆಗೆ ಸೇರ್ಪಡೆ 1984ರಲ್ಲಿ. 260 ಅಶ್ವಶಕ್ತಿಯ ಪಿಸ್ಟನ್ ಎಂಜಿನ್, ಮಡಚಲಾಗದ ಚಕ್ರಗಳು, ಗುರು ಶಿಷ್ಯರು ಪಕ್ಕಪಕ್ಕದಲ್ಲಿ ಕೂರುವ ಏರ್ಪಾಡು. ಅಪಾಯ ಒದಗಿದಾಗ ಪೈಲಟ್‌ನನ್ನು ಹೊರಗೆಸೆದು ಕಾಪಾಡುವ ಇಜೆಕ್ಷನ್ ಸೀಟು ಇರಲಿಲ್ಲ.

ಅದೇ 1984ರಲ್ಲಿ, ಅದೇ ದೀಪಕ್ ವಿಮಾನದ ಒಡಲಿಗೆ 420 ಅಶ್ವಶಕ್ತಿಯ ಆಲಿಸನ್ ಟರ್ಬೈನು ಜೋಡಿಸಿ ಎಚ್‌ಟಿಟಿ-34 ಹಾರಿಸಲಾಯಿತು. ಪಿಲಾಟಸ್ ತನ್ನ ಹಳೆಯ ವಿಮಾನಕ್ಕೆ ಮಾಡಿದ್ದೂ ಇದನ್ನೇ ಅಲ್ಲವೇ? ಆದರೆ ಪಿಸ್ಟನ್ ದೀಪಕ್ ಆಗಷ್ಟೇ ಸೇವೆಗೆ ಬಂದಿತ್ತು. ನಿನ್ನೆ ಕೊಂಡ ವಿಮಾನವನ್ನು ಇಂದು ಬದಲಿಸಲು ಯಾವ ಕಡತವೂ ಒಪ್ಪುವುದಿಲ್ಲ. ಎಚ್‌ಟಿಟಿ-34 ಮೂಲೆ ಸೇರಿತು. 1990ರ ದಶಕದಲ್ಲಿ ಎಚ್‌ಟಿಟಿ-35 ಎಂಬ ಇನ್ನೂ ಸುಧಾರಿತ ವಿನ್ಯಾಸ ಬಂದಿತಾದರೂ ಅದು ಹಾರುವ ಹಂತವನ್ನು ಮುಟ್ಟಲೇ ಇಲ್ಲ.

ದೀಪಕ್ ಮಾತ್ರ ಹಾರುತ್ತಲೇ ಇತ್ತು. ಹಾರಾಟದ ನಡುವೆ ಎಂಜಿನ್ ನಿಂತುಹೋಗುವ ದೂರು ಅದನ್ನು ಬಿಡದೆ ಕಾಡಿತು. 2009ರ ಜುಲೈ 31ರಂದು ಹೈದರಾಬಾದ್ ಬಳಿ ದೀಪಕ್ ಒಂದು ನೆಲಕ್ಕಪ್ಪಳಿಸಿ ಇಬ್ಬರು ಪೈಲಟ್‌ಗಳು ಮೃತಪಟ್ಟರು. ಮೃತರು ಆಗತಾನೇ ಕಲಿಯುತ್ತಿದ್ದ ಕೆಡೆಟ್‌ಗಳಲ್ಲ, ಕಲಿಸುವವರು. ಅನುಭವಿಗಳಿಗೇ ಉಳಿಸಿಕೊಳ್ಳಲಾಗದ ವಿಮಾನದಲ್ಲಿ ಇಪ್ಪತ್ತರ ಹರೆಯದ ಹುಡುಗರನ್ನು ಕೂರಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಇಡೀ ದೀಪಕ್ ಪಡೆಯನ್ನು ನೆಲಕ್ಕಿಳಿಸಲಾಯಿತು. ಅಷ್ಟರಲ್ಲಿ 17 ಅಪಘಾತಗಳಲ್ಲಿ 19 ಪೈಲಟ್‌ಗಳ ಪ್ರಾಣ ಹೋಗಿತ್ತು. ಇಡೀ ವಿಮಾನವನ್ನೇ ಇಳಿಸಬಲ್ಲ ದೊಡ್ಡ ಪ್ಯಾರಾಚೂಟ್ ಅಳವಡಿಸುವ ಯೋಚನೆಯೂ ನಡೆದು, ಕೈಗೂಡದೆ ಹೋಯಿತು.

ಎಚ್‌ಟಿಟಿ-34 ಸೇವೆಗೆ ಬಂದಿದ್ದರೆ ಈ ಎಲ್ಲ ಜೀವಗಳೂ ಉಳಿಯುತ್ತಿದ್ದವು ಎಂದು ಹೇಳಲು ಯಾರಿಂದಲೂ ಆಗದು. ಟರ್ಬೊಪ್ರಾಪ್ ವಿಮಾನಗಳೂ ಬೀಳುತ್ತವೆ. ಆದರೆ ದೀಪಕ್‌ನ ಮುಖ್ಯ ಕಾಯಿಲೆ ಅದರ ಎಂಜಿನ್ ವ್ಯವಸ್ಥೆಯಲ್ಲಿತ್ತು, ಎಚ್‌ಟಿಟಿ-34ರಲ್ಲಿ ಬದಲಾದದ್ದೂ ಅದೇ ಎಂಬುದನ್ನು ಮರೆಯುವಂತಿಲ್ಲ.

ದೀಪಕ್ ನಿಂತ ಮೇಲೆ ವಾಯುಪಡೆಯ ಬಳಿ ಆರಂಭಿಕ ತರಬೇತಿಗೆ ವಿಮಾನವೇ ಇಲ್ಲದಂತಾಯಿತು. 1964ರಲ್ಲಿ ಮೊದಲು ಹಾರಿದ, ಎರಡನೇ ಹಂತಕ್ಕೆ ಮೀಸಲಾಗಿದ್ದ ಕಿರಣ್ ಜೆಟ್‌ಗಳನ್ನು ಮೊದಲ ಹಂತಕ್ಕೂ ದುಡಿಸಲಾಯಿತು. ಸೈಕಲ್ ಕಲಿಯಬೇಕಾದವನನ್ನು ನೇರವಾಗಿ ಮೋಟಾರ್ ಸೈಕಲ್ ಮೇಲೆ ಕೂರಿಸಿದಂತೆ. ಕಿರಣ್ ವಿಮಾನಗಳ ಆಯುಷ್ಯವೂ ಇದರಿಂದ ಸವೆಯಿತು.

ಸ್ವಿಸ್ ವಿಮಾನದ ಆಗಮನ

ವಾಯುಪಡೆಗೆ ಬೇಕಿದ್ದ ಆರಂಭಿಕ ತರಬೇತಿ ವಿಮಾನಗಳು ಒಟ್ಟು 181. ಅವುಗಳಲ್ಲಿ 75 ಆಮದು, ಉಳಿದ 106 ಎಚ್‌ಎಎಲ್‌ನಿಂದ ಎಂಬುದು ಮೊದಲ ಲೆಕ್ಕ. ಜಾಗತಿಕ ಟೆಂಡರ್‌ನಲ್ಲಿ ಪಿಲಾಟಸ್‌ನ ಪಿಸಿ-7 ಮಾರ್ಕ್ 2 ಕಡಿಮೆ ದರಕ್ಕೆ ಗೆದ್ದಿತು. ದಕ್ಷಿಣ ಕೊರಿಯದ ಕೆಟಿ-1, ಅಮೆರಿಕದ ಟಿ-6ಸಿ ಹಿಂದೆ ಬಿದ್ದವು. 2012ರ ಮೇ 24ರಂದು 2,896 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿ ಬಿದ್ದಿತು. ಮರುವರ್ಷವೇ ಹೈದರಾಬಾದ್ ಸಮೀಪದ ದುಂಡಿಗಲ್ ವಾಯುಪಡೆ ಅಕಾಡೆಮಿಗೆ ವಿಮಾನಗಳು ಬರತೊಡಗಿದವು. 2013ರ ಜುಲೈನಲ್ಲಿ ಅವುಗಳಲ್ಲಿ ತರಬೇತಿ ಶುರುವಾಯಿತು. ಹೇಳಿದ ಸಮಯಕ್ಕೆ ವಿಮಾನ ಬಂದದ್ದು ನಮ್ಮ ರಕ್ಷಣಾ ಖರೀದಿಯ ಇತಿಹಾಸದಲ್ಲಿ ಅಪರೂಪದ ಸಂಗತಿಯೇ ಸರಿ.

ಸ್ವಿಸ್ ವಿಮಾನದ ರುಚಿ ಹತ್ತಿದ ವಾಯುಪಡೆಗೆ ಎಚ್‌ಎಎಲ್‌ನ ಎಚ್‌ಟಿಟಿ-40 ಬೇಡವೆನಿಸಿತು. ಆಗಿನ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎನ್.ಎ.ಕೆ. ಬ್ರೌನ್ ಅವರು 2013ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರಿಗೆ ಪತ್ರ ಬರೆದು, ಎಚ್‌ಟಿಟಿ-40 ದುಬಾರಿಯಾಗುತ್ತದೆ, ಉಳಿದ ವಿಮಾನಗಳನ್ನೂ ಪಿಲಾಟಸ್‌ನಿಂದಲೇ ಕೊಳ್ಳಬೇಕು ಎಂದು ಕೋರಿದ್ದು ವರದಿಯಾಯಿತು. ಒಂದೇ ಸಚಿವಾಲಯದ ಎರಡು ಅಂಗಗಳು ಬಹಿರಂಗವಾಗಿ ಜಗಳಕ್ಕೆ ನಿಂತವು. ಸಚಿವಾಲಯ ಯೋಜನೆಯನ್ನು ಕೈಬಿಡಲೂ ಇಲ್ಲ, ಹಣ ಕೊಡಲೂ ಇಲ್ಲ. ಎಚ್‌ಎಎಲ್ ತನ್ನ ಸ್ವಂತ ಬೊಕ್ಕಸದಿಂದ ಕೆಲಸ ಮುಂದುವರಿಸಿತು.

ವಾಯುಪಡೆಯ ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಎರಡನೇ ಹಂತದ ತರಬೇತಿಗೆಂದು ಎಚ್‌ಎಎಲ್ ರೂಪಿಸಿದ ಸಿತಾರಾ ಜೆಟ್ 2003ರ ಮಾರ್ಚ್‌ನಲ್ಲಿ ಹಾರಿತ್ತು. ಆಮೇಲೆ ಸ್ಪಿನ್ ಪರೀಕ್ಷೆಯಲ್ಲಿ ಅದು ವರ್ಷಗಟ್ಟಲೆ ಸಿಕ್ಕಿಬಿದ್ದಿತು. ವಿಮಾನ ವೇಗ ಕಳೆದುಕೊಂಡು ಗಿರಕಿ ಹೊಡೆಯುತ್ತ ಕೆಳಗಿಳಿಯುವುದಕ್ಕೆ ಸ್ಪಿನ್ ಎನ್ನುತ್ತಾರೆ. ಕಲಿಯುವವನು ಅದರಿಂದ ಪಾರಾಗುವುದನ್ನು ಬೇಕೆಂದೇ ಅಭ್ಯಾಸ ಮಾಡಬೇಕು. ಆದ್ದರಿಂದ ಗಿರಕಿಯಿಂದ ನಂಬಿಕೆಯಾಗಿ ಹೊರಬರಲಾರದ ವಿಮಾನ ತರಬೇತಿಗೆ ನಿರುಪಯೋಗಿ. ಅದೇ ಸಿತಾರಾ 2025ರ ಏರೋ ಇಂಡಿಯಾ ಪ್ರದರ್ಶನದಲ್ಲಿ ಯಶಸ್ ಎಂಬ ಹೊಸ ಹೆಸರು ಪಡೆಯಿತು. ಮೊದಲ ಹಾರಾಟವಾಗಿ ಇಪ್ಪತ್ತೆರಡು ವರ್ಷ ಕಳೆದರೂ ಹೆಸರು ಬದಲಾಯಿತೇ ಹೊರತು ವಾಯುಪಡೆಯ ಶಾಲೆಗಳಿಗೆ ಅದು ತಲುಪಿರಲಿಲ್ಲ. ಇಂತಹ ಚರಿತ್ರೆಯುಳ್ಳ ಸಂಸ್ಥೆಯ ಮಾತಿನ ಮೇಲೆ ತನ್ನ ಕೆಡೆಟ್‌ಗಳ ಭವಿಷ್ಯವನ್ನು ಒತ್ತೆಯಿಡಲು ವಾಯುಪಡೆ ಹಿಂಜರಿದರೆ ಅದನ್ನು ಕೇವಲ ವಿದೇಶಿ ವ್ಯಾಮೋಹವೆಂದು ತಳ್ಳಿಹಾಕಲಾಗದು.

2015ರಲ್ಲಿ ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ ಅವರು ರಾಜಿಸೂತ್ರ ತಂದರು. ಇನ್ನೂ 38 ಪಿಲಾಟಸ್ ಕೊಳ್ಳುವುದು, ಉಳಿದವು ಎಚ್‌ಟಿಟಿ-40 ಎಂಬುದು ಅದರ ತಿರುಳು. 2016ರ ಮೇ 31ರಂದು ಎಚ್‌ಟಿಟಿ-40 ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. 2017ರ ಮೇ ತಿಂಗಳಲ್ಲಿ ಎರಡನೇ ಮಾದರಿಯೂ ಹಾರಿತು. 2019ರಲ್ಲಿ ಅದು ಎಡಕ್ಕೂ ಬಲಕ್ಕೂ ತಲಾ ಆರು ಸುತ್ತಿನ ಗಿರಕಿ ಹೊಡೆದು ಸುರಕ್ಷಿತವಾಗಿ ಹೊರಬಂದಿತು. ಸಿತಾರಾ ಎಡವಿದ ಜಾಗದಲ್ಲಿ ಎಚ್‌ಟಿಟಿ-40 ಎಡವಲಿಲ್ಲ. ವಾಯುಪಡೆಯ ಆಕ್ಷೇಪದ ಬುಡ ಸಡಿಲಗೊಂಡದ್ದು ಯಾವ ಭಾಷಣದಿಂದಲೂ ಅಲ್ಲ, ಆ ಗಿರಕಿಗಳಿಂದ.

ಅದೇ ವರ್ಷ ಪಿಲಾಟಸ್‌ನ ಅದೃಷ್ಟವೂ ತಿರುಗಿತು. 2012ರ ಒಪ್ಪಂದದಲ್ಲಿ ಮಧ್ಯವರ್ತಿಯ ಮೂಲಕ ಲಂಚ ಸಂದಾಯವಾಗಿದೆ ಎಂಬ ಆರೋಪದ ಮೇಲೆ 2019ರ ಜೂನ್‌ನಲ್ಲಿ ಸಿಬಿಐ ಮೊಕದ್ದಮೆ ದಾಖಲಿಸಿತು. ಮರುತಿಂಗಳು ರಕ್ಷಣಾ ಸಚಿವಾಲಯ ಆ ಕಂಪನಿಯೊಂದಿಗಿನ ವ್ಯವಹಾರವನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು. ಹೆಚ್ಚುವರಿ 38 ವಿಮಾನಗಳು ಬರಲೇ ಇಲ್ಲ. ಹೀಗೆ ಎಚ್‌ಟಿಟಿ-40ಕ್ಕೆ ದಾರಿ ತೆರೆದದ್ದರಲ್ಲಿ ಅದರ ಗುಣದ ಪಾಲೆಷ್ಟು, ಪ್ರತಿಸ್ಪರ್ಧಿಯ ಹಗರಣದ ಪಾಲೆಷ್ಟು ಎಂದು ಅಳೆಯುವುದು ಕಷ್ಟ.

ದರದ ಲೆಕ್ಕ

2020ರ ಆಗಸ್ಟ್‌ನಲ್ಲಿ ರಕ್ಷಣಾ ಖರೀದಿ ಮಂಡಳಿಯು 106 ಎಚ್‌ಟಿಟಿ-40 ಖರೀದಿಗೆ ಸಮ್ಮತಿಸಿತು. ಮೊದಲು 70, ಅವು ಸೇವೆಯಲ್ಲಿ ನೆಲೆಗೊಂಡ ಬಳಿಕ 36. 2023ರ ಮಾರ್ಚ್ 1ರಂದು ಸಂಪುಟ ಒಪ್ಪಿಗೆ, 7ರಂದು ಒಪ್ಪಂದ. 70 ವಿಮಾನಗಳಿಗೆ 6,828.36 ಕೋಟಿ ರೂಪಾಯಿ, ಆರು ವರ್ಷಗಳಲ್ಲಿ ಪೂರೈಕೆ.

ಕಾಗದದ ಮೇಲೆ ಭಾಗಿಸಿದರೆ ಪಿಲಾಟಸ್ ಒಂದಕ್ಕೆ ಸುಮಾರು 38.6 ಕೋಟಿ, ಎಚ್‌ಟಿಟಿ-40 ಒಂದಕ್ಕೆ ಸುಮಾರು 97.5 ಕೋಟಿ. ಬ್ರೌನ್ ಅವರ ಮಾತು ನಿಜವಾಯಿತೆಂದು ಹೇಳುವವರು ಈ ಎರಡು ಅಂಕಿಗಳನ್ನು ಮುಂದಿಡುತ್ತಾರೆ. ಆದರೆ ಇವೆರಡರ ನಡುವೆ ಹನ್ನೊಂದು ವರ್ಷಗಳ ಹಣದುಬ್ಬರವಿದೆ. 2012ರಲ್ಲಿ ಡಾಲರ್‌ಗೆ 55 ರೂಪಾಯಿ ಆಸುಪಾಸಿನಲ್ಲಿದ್ದ ವಿನಿಮಯ ದರ 2023ರಲ್ಲಿ 82 ದಾಟಿತ್ತು. ಸ್ವಿಸ್ ಫ್ರಾಂಕ್ ಇನ್ನೂ ಹೆಚ್ಚು ಏರಿತ್ತು. ಎಚ್‌ಟಿಟಿ-40 ಒಪ್ಪಂದದಲ್ಲಿ ಸಿಮ್ಯುಲೇಟರ್ ಸೇರಿದಂತೆ ತರಬೇತಿ ಸಾಧನಗಳು, ಪೂರಕ ಉಪಕರಣಗಳೂ ಅಡಕವಾಗಿವೆ. ಪಿಸಿ-7 ಮಾರ್ಕ್ 2ರ ಎಂಜಿನ್ 700 ಅಶ್ವಶಕ್ತಿಯದು, ಎಚ್‌ಟಿಟಿ-40ರದು ಅದಕ್ಕಿಂತ ಬಲಶಾಲಿ. ಇವೆಲ್ಲವನ್ನೂ ಕಳೆದ ಮೇಲೂ ಎಚ್‌ಟಿಟಿ-40 ಅಗ್ಗವಲ್ಲ ಎಂಬುದು ನಮ್ಮ ಅನಿಸಿಕೆ. ತಡವಾಗಿ ಕೊಳ್ಳುವವನು ಹೆಚ್ಚು ತೆರಬೇಕಾಗುವುದು ಸಂತೆಯ ನಿಯಮ. ಅದಕ್ಕೆ ಪ್ರತಿಯಾಗಿ ನೂರಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ, ನೇರವಾಗಿ ಸುಮಾರು 1,500 ಮಂದಿಗೆ ಕೆಲಸ ಸಿಗುತ್ತದೆ ಎಂದು ಸರ್ಕಾರ ಹೇಳಿದೆ.

ಇನ್ನು ಸ್ವದೇಶಿ ಪ್ರಮಾಣ. ಆರಂಭದಲ್ಲಿ ಶೇಕಡ 56, ಕ್ರಮೇಣ ಶೇಕಡ 60ಕ್ಕೂ ಹೆಚ್ಚು ಎಂಬುದು ಅಧಿಕೃತ ಲೆಕ್ಕ. ಉಳಿದ ಪಾಲಿನಲ್ಲಿ ವಿಮಾನದ ಹೃದಯವೇ ಇದೆ. ಅಮೆರಿಕದ ಹನಿವೆಲ್ ಕಂಪನಿಯ ಟಿಪಿಇ331 ಎಂಜಿನ್‌ಗಳಿಗಾಗಿ 2022ರ ಜುಲೈನಲ್ಲಿ ಒಪ್ಪಂದವಾಯಿತು. ಸಂಖ್ಯೆ 88, ಮೌಲ್ಯ ಹತ್ತು ಕೋಟಿ ಡಾಲರ್‌ಗೂ ಮಿಗಿಲು. ಬ್ರಿಟನ್ನಿನ ಶಾರ್ಟ್ಸ್ ಟುಕಾನೊಗೆ 1980ರ ದಶಕದಲ್ಲಿ ಕೂರಿಸಿದ್ದೂ ಇದೇ ಕುಟುಂಬದ ಎಂಜಿನ್ ಎಂಬುದು ಕುತೂಹಲಕರ. ಪಳಗಿದ ಎಂಜಿನ್ ಆಯ್ದದ್ದು ಸರಿಯೇ. ಆದರೆ ಒಪ್ಪಂದದಂತೆ ಮೊದಲ ವಿಮಾನಗಳು ಬರಬೇಕಿದ್ದ 2025ರ ಸೆಪ್ಟೆಂಬರ್ ಗಡುವು ಜಾರಿದ್ದಕ್ಕೆ ಕಾರಣವೂ ಎಂಜಿನ್ ಪೂರೈಕೆಯ ವಿಳಂಬವೇ. ಸೆಪ್ಟೆಂಬರ್ ಮುಗಿದ ಮೇಲೆ, ಅಕ್ಟೋಬರ್ ಕೊನೆಯ ವಾರದಲ್ಲಷ್ಟೇ ಮೊದಲ ಸರಣಿ ವಿಮಾನ ಪರೀಕ್ಷಾರ್ಥ ಹಾರಿತು. ತೇಜಸ್ ಮಾರ್ಕ್ 1ಎ ವಿಮಾನಗಳೂ ಮತ್ತೊಂದು ಅಮೆರಿಕನ್ ಕಂಪನಿಯ ಎಂಜಿನ್‌ಗಾಗಿ ಕಾದು ಕುಳಿತದ್ದನ್ನು ಓದುಗರು ಬಲ್ಲರು. ಒಡಲು ಬೆಂಗಳೂರಿನದು, ಉಸಿರು ಅರಿಜೋನದ್ದು ಎಂಬ ಈ ಸ್ಥಿತಿಗೆ 1984ರಲ್ಲೂ ಪರಿಹಾರವಿರಲಿಲ್ಲ, ಇಂದೂ ಇಲ್ಲ. ಸಣ್ಣ ಟರ್ಬೊಪ್ರಾಪ್ ಎಂಜಿನ್ ಒಂದನ್ನು ದೇಶದಲ್ಲೇ ಸೇವೆಗೆ ತರುವ ಕೆಲಸ ನಾಲ್ಕು ದಶಕಗಳಲ್ಲಿ ಆಗಿಲ್ಲ.

ಖಾಲಿ ಕುರ್ಚಿಗಳು

ಈ ವಿಳಂಬದ ಬಿಸಿ ತಟ್ಟುವುದು ದುಂಡಿಗಲ್‌ನ ತರಗತಿಗಳಿಗೆ. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಇದನ್ನು ಅಂಕಿಗಳಲ್ಲಿ ಹೇಳಿದೆ. 2015ರ ಫೆಬ್ರವರಿಯಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596ಕ್ಕೆ ಏರಿತ್ತು. ವರ್ಷಕ್ಕೆ 222 ಮಂದಿಯನ್ನು ತರಬೇತಿಗೆ ಸೇರಿಸಿಕೊಳ್ಳುವ ಯೋಜನೆ ಗುರಿ ಮುಟ್ಟಲಿಲ್ಲ. ವಿಶ್ವಾಸಾರ್ಹವೆಂದು ಹೆಸರು ಪಡೆದ ಪಿಲಾಟಸ್ ಕೂಡ ದೋಷಮುಕ್ತವಲ್ಲ ಎಂಬುದು ಅದೇ ವರದಿಯಿಂದ ತಿಳಿಯಿತು. 64 ವಿಮಾನಗಳ ಪೈಕಿ 16ರಲ್ಲಿ, 2013ರಿಂದ 2021ರ ನಡುವೆ, ಎಂಜಿನ್ ಎಣ್ಣೆ ಸೋರಿದ 38 ಪ್ರಕರಣಗಳು ದಾಖಲಾಗಿದ್ದವು.

2023ರ ಡಿಸೆಂಬರ್ 4ರಂದು ತೆಲಂಗಾಣದ ಮೇದಕ್ ಜಿಲ್ಲೆಯಲ್ಲಿ ಪಿಲಾಟಸ್ ಒಂದು ಬಿದ್ದು ಬೋಧಕ ಮತ್ತು ಕೆಡೆಟ್ ಇಬ್ಬರೂ ಅಸುನೀಗಿದರು. 2025ರ ನವೆಂಬರ್ 14ರಂದು ಚೆನ್ನೈನ ತಾಂಬರಂ ಬಳಿ ಮತ್ತೊಂದು ಬಿದ್ದಾಗ ಪೈಲಟ್ ಇಜೆಕ್ಷನ್ ಸೀಟಿನ ನೆರವಿನಿಂದ ಪಾರಾದರು. 2009ರಲ್ಲಿ ದೀಪಕ್ ಏರಿದ್ದ ಇಬ್ಬರಿಗೆ ಆ ಅವಕಾಶವೇ ಇರಲಿಲ್ಲ. ಎಚ್‌ಟಿಟಿ-40ರಲ್ಲಿ ವಿಮಾನ ನೆಲದ ಮೇಲೆ ನಿಂತಿದ್ದಾಗಲೂ ಕೆಲಸ ಮಾಡುವ ಮಾರ್ಟಿನ್ ಬೇಕರ್ ಸೀಟುಗಳಿವೆ.

ಮೊದಲ ಹಂತ ಮುಗಿಸಿದ ಕೆಡೆಟ್‌ಗಳು ಮುಂದೆ ಕವಲೊಡೆಯುತ್ತಾರೆ. ಸಾಗಣೆ ವಿಮಾನಗಳಿಗೆ ಹೋಗುವವರು ಯಲಹಂಕಕ್ಕೆ ಬರುತ್ತಾರೆ, ಯುದ್ಧವಿಮಾನದ ಹಾದಿ ಹಿಡಿದವರು ಕೊನೆಗೆ ಬೀದರ್‌ನಲ್ಲಿ ಹಾಕ್ ಜೆಟ್ ಏರುತ್ತಾರೆ. ಬುಡದಲ್ಲಿ ವಿಮಾನ ಕಡಿಮೆಯಾದರೆ ಯಲಹಂಕ, ಬೀದರ್‌ಗಳಿಗೂ ಹುಡುಗರು ಕಡಿಮೆಯಾಗುತ್ತಾರೆ. ನಮ್ಮ ರಾಜ್ಯದ ಎರಡು ವಾಯುನೆಲೆಗಳ ಕೆಲಸದ ಗತಿ ಹೀಗೆ ಎಚ್‌ಎಎಲ್‌ನ ಹ್ಯಾಂಗರಿನೊಂದಿಗೆ ಕಟ್ಟಿಹಾಕಿಕೊಂಡಿದೆ.

ಶಸ್ತ್ರಸಜ್ಜಿತ ರೂಪಾಂತರ, ವಿದೇಶಗಳಿಗೆ ರಫ್ತು ಎಂಬ ಮಾತುಗಳನ್ನು ಎಚ್‌ಎಎಲ್ ಹಲವು ವರ್ಷಗಳಿಂದ ಆಡುತ್ತ ಬಂದಿದೆ. ಟುಕಾನೊ, ಪಿಲಾಟಸ್‌ಗಳ ವಂಶವೃಕ್ಷ ನೋಡಿದವರಿಗೆ ಈ ಆಸೆ ಅಸಹಜವೆನಿಸದು. ಆದರೆ ಆ ಮಾರುಕಟ್ಟೆಯಲ್ಲಿ ಅಂಗಡಿಗಳು ಬಹುಕಾಲದಿಂದ ತೆರೆದಿವೆ, ಗಿರಾಕಿಗಳೂ ಹಂಚಿಹೋಗಿದ್ದಾರೆ. ಸದ್ಯಕ್ಕೆ ಮುಖ್ಯವಾದುದು ಮನೆಯ ಲೆಕ್ಕ. ಉಳಿದ 36 ವಿಮಾನಗಳ ಆದೇಶ ಮೊದಲ ತಂಡವು ಸೇವೆಯಲ್ಲಿ ನೆಲೆಗೊಳ್ಳುವುದಕ್ಕೆ ಬೆಸೆದುಕೊಂಡಿದೆ. ಮೊದಲ 70ರ ಗಡುವು ಬೀಳುವುದು 2029ರಲ್ಲಿ. ದುಂಡಿಗಲ್‌ನ ಪಿಲಾಟಸ್‌ಗಳ ಪೈಕಿ ಮೊದಲು ಬಂದವುಗಳಿಗೆ ಆ ಹೊತ್ತಿಗೆ ಹದಿನಾರು ವರ್ಷ ತುಂಬಿರುತ್ತದೆ.